ಬೋಟಿನ ಎಂಜಿನೂ ದೂರದೂರಿನ ಮಾಲೀಕರೂ

ಸಮುದ್ರದ ಗಾಳಿಯೂ ಸುಳಿಯದ ಘಟ್ಟದ ಮೇಲಿನ ಈ ಮಗರಪಟ್ಟಾದಲ್ಲಿ ಕುಳಿತು ಬೋಟಿನ ಎಂಜಿನಿನ ವಿಷಯವನ್ನು ಅಗ್ರಲೇಖನಕ್ಕೆ ಆರಿಸಿಕೊಂಡುದೇಕೆಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಇಲ್ಲಿ ನಮಗೆ ಕಾಣಸಿಗುವ ನೀರೆಂದರೆ ಮುಂಢ್ವಾ ಸೇತುವೆಯ ಕೆಳಗೆ ಹರಿಯುವ ಮುಳಾ-ಮುಠಾ ಮಾತ್ರ; ಅದರಲ್ಲಿ ಬೋಟು ನಡೆಸುವವರನ್ನು ನಾವು ಕಂಡಿಲ್ಲ. ಆದರೆ ಈ ಪತ್ರಿಕೆಯನ್ನು ಬೆಳಗಿನ ಚಹದ ಹೊತ್ತಿಗೆ ಕೈಗೆತ್ತಿಕೊಳ್ಳುವ ಹೊಟೇಲು ನೌಕರರಲ್ಲಿಯೂ ಗುಮಾಸ್ತರಲ್ಲಿಯೂ ಗಂಗೊಳ್ಳಿ, ಮಲ್ಪೆ, ಭಟ್ಕಳ, ಹೊನ್ನಾವರ, ಕಾರವಾರಗಳ ಕಡೆಯವರು ಎಷ್ಟು ಮಂದಿಯಿರುವರೆಂಬುದು ನಮಗೆ ಗೊತ್ತಿದೆ. ಅವರ ಅಣ್ಣತಮ್ಮಂದಿರು ಕಡಲಿಗೆ ಹೋಗುತ್ತಾರೆ. ಅಷ್ಟೇ ಅಲ್ಲ, ಇಲ್ಲಿ ಗಲ್ಲೆಯ ಮುಂದೆ ಕುಳಿತೋ, ಬೋಂಡ ಕರಿದೋ, ಲೆಕ್ಕದ ಪುಸ್ತಕ ತುಂಬಿಸಿಯೋ ಉಳಿಸಿದ ಹಣವನ್ನು ಊರಿನ ಬೋಟಿನ ಪಾಲಿಗೆ ಹಾಕಿದವರೂ ಇದ್ದಾರೆ. ಅಂಥವರು ತಮ್ಮನ್ನು ಬೋಟಿನ ಮಾಲೀಕರೆಂದು ಕರೆದುಕೊಳ್ಳುವುದಕ್ಕೆ ಸಂಕೋಚಪಡುವರು. ಆದರೆ ಕಾಲುಪಾಲಿನವನೂ ಆ ಪಾಲಿನ ಮಟ್ಟಿಗೆ ಮಾಲೀಕನೇ. ಆದುದರಿಂದ ಮಾಲೀಕನ ಹೊಣೆಯೂ ಅವನ ತಲೆಯ ಮೇಲಿದೆ.

ಅಂಥ ಪಾಲುದಾರ ವಾಚಕರೊಬ್ಬರು ಮೊನ್ನೆ ನಮ್ಮನ್ನು ಕೇಳಿದ ಪ್ರಶ್ನೆ ಬಹಳ ಸರಳವಾದುದು: ಬೋಟಿನ ಎಂಜಿನನ್ನು ಎಷ್ಟು ದಿನಗಳಿಗೊಮ್ಮೆ ತಪಾಸಣೆ ಮಾಡಿಸಬೇಕು? ಊರಿಗೆ ಫೋನು ಮಾಡಿ ವಿಚಾರಿಸಿದಾಗಲೆಲ್ಲ ತಮಗೆ ದೊರೆಯುವ ಉತ್ತರ “ಓಡುತ್ತಿದೆಯಲ್ಲ ಮಾರಾಯ್ರೆ” ಎಂಬುದೇ ಆಗಿದೆಯೆಂದೂ ಅವರು ಹೇಳಿದರು. ಓಡುತ್ತಿರುವುದು ಆರೋಗ್ಯದ ಲಕ್ಷಣವೆಂದು ಭಾವಿಸುವುದು ನಮ್ಮ ಜನರಲ್ಲಿ ಹಳೆಯ ರೂಢಿ. ಮನುಷ್ಯದೇಹದ ವಿಷಯದಲ್ಲಿಯೂ ನಾವು ಹಾಗೆಯೇ ನಡೆದುಕೊಳ್ಳುತ್ತೇವೆ.

ಹೊಟೇಲಿನ ಅಡಿಗೆಮನೆಯಲ್ಲಿ ದುಡಿಯುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ರುಬ್ಬುವ ಯಂತ್ರದ ಪಟ್ಟಿ ಸಡಿಲವಾದುದನ್ನು ಸಂಜೆಯೇ ನೋಡದಿದ್ದರೆ ಮರುದಿನ ಬೆಳಗ್ಗೆ ಇಡ್ಲಿಯಿಲ್ಲ. ಆದರೆ ಆ ನಷ್ಟಕ್ಕೆ ಒಂದು ಮಿತಿಯಿದೆ: ಗಿರಾಕಿ ಪಕ್ಕದ ಹೊಟೇಲಿಗೆ ಹೋಗುವನು, ಯಜಮಾನರು ನಾಲ್ಕು ಮಾತನಾಡುವರು, ಮಧ್ಯಾಹ್ನದೊಳಗೆ ಮಿಸ್ತ್ರಿ ಬರುವನು. ದಡದಿಂದ ಐವತ್ತು ಮೈಲು ದೂರದಲ್ಲಿ ನಿಂತ ಎಂಜಿನಿನ ಬಳಿಗೆ ಯಾವ ಮಿಸ್ತ್ರಿಯೂ ಬರಲಾರ. ನಮ್ಮ ಅಜ್ಜಂದಿರು ರಂಪಣಿ ಬಲೆ ಎಳೆಯುತ್ತಿದ್ದ ಕಾಲದಲ್ಲಿ ದೋಣಿಗೆ ಹಾಯಿಯಿತ್ತು, ಹುಟ್ಟಿತ್ತು. ಗಾಳಿ ಬಿದ್ದರೆ ತೋಳು, ತೋಳು ಸೋತರೆ ಗಾಳಿ. 1953ರಲ್ಲಿ ಕೇರಳದ ನೀಂಡಕರದಲ್ಲಿ ಭಾರತ-ನಾರ್ವೆ ಯೋಜನೆಯ ಮೂಲಕ ಯಾಂತ್ರಿಕ ದೋಣಿಗಳ ಯುಗ ಪ್ರಾರಂಭವಾಗಿ, 1960ರ ದಶಕದಲ್ಲಿ ಆ ಯೋಜನೆ ಕಾರವಾರವನ್ನೂ ಮುಟ್ಟಿದ ಬಳಿಕ, ಪಶ್ಚಿಮ ಕರಾವಳಿಯ ಮೀನುಗಾರನು ಕ್ರಮೇಣ ಹಾಯಿಯನ್ನು ಕೆಳಗಿಳಿಸಿದನು. ಅದು ಏಳಿಗೆಯೇ ಹೌದು, ಅದನ್ನು ನಾವು ಹಳಿಯುವವರಲ್ಲ. ಆದರೆ ಇಂದಿನ ಆಳಸಮುದ್ರದ ಬೋಟಿಗೆ ಎಂಜಿನೊಂದೇ ಗತಿ. ಅದು ನಿಂತೊಡನೆ ಬೋಟಿನ ದೀಪ, ನೀರೆತ್ತುವ ಪಂಪು, ತಂತಿಯಿಲ್ಲದ ವಾರ್ತಾಯಂತ್ರ ಎಲ್ಲವೂ ಬ್ಯಾಟರಿಯಲ್ಲಿ ಉಳಿದಷ್ಟು ಹೊತ್ತಿನ ಮಾತಾಗುವುದು. ಬೋಟು ಅಲೆಗೆ ಅಡ್ಡವಾಗಿ ತಿರುಗಿ ಮರದ ದಿಮ್ಮಿಯಂತೆ ಹೊರಳತೊಡಗುವುದು.

ಇನ್ನು ಪ್ರಶ್ನೆಯ ಉತ್ತರಕ್ಕೆ ಬರೋಣ. ಎಷ್ಟು ದಿನಗಳಿಗೊಮ್ಮೆ ಎಂದು ಕೇಳುವುದರಲ್ಲಿಯೇ ಒಂದು ತೊಡಕಿದೆ. ಎಂಜಿನು ಪಂಚಾಂಗವನ್ನು ನೋಡಿ ಸವೆಯುವುದಿಲ್ಲ, ಓಡಿದ ಗಂಟೆಗಳನ್ನು ನೋಡಿ ಸವೆಯುತ್ತದೆ. ಆದುದರಿಂದಲೇ ಎಂಜಿನು ತಯಾರಿಸುವವರು ತಮ್ಮ ಕೈಪಿಡಿಯಲ್ಲಿ ಕಾಲವನ್ನು ಗಂಟೆಗಳಲ್ಲಿ ಬರೆಯುತ್ತಾರೆ. ಡೀಸೆಲ್ ಎಂಜಿನಿನ ಎಣ್ಣೆಯನ್ನೂ ಎಣ್ಣೆಯ ಫಿಲ್ಟರನ್ನೂ, ಎಂಜಿನಿನ ಜಾತಿಗೆ ಅನುಗುಣವಾಗಿ, ಸಾಮಾನ್ಯವಾಗಿ 100ರಿಂದ 250 ಗಂಟೆಗಳ ಓಟಕ್ಕೊಮ್ಮೆ ಬದಲಿಸಬೇಕೆಂದೂ, ಅಷ್ಟು ಗಂಟೆ ಓಡದಿದ್ದರೂ ವರ್ಷಕ್ಕೊಮ್ಮೆಯಾದರೂ ಬದಲಿಸಲೇಬೇಕೆಂದೂ ಅವರು ಹೇಳುತ್ತಾರೆ. ವಿದೇಶಗಳ ಶ್ರೀಮಂತರು ವಿನೋದಕ್ಕಾಗಿ ಇಟ್ಟುಕೊಂಡಿರುವ ಬೋಟುಗಳು ವರ್ಷವಿಡೀ ಓಡಿದರೂ 100 ಗಂಟೆ ತುಂಬುವುದು ಕಷ್ಟ. ಅಂಥವರಿಗೆ ವರ್ಷಕ್ಕೊಮ್ಮೆಯೆಂಬ ಮಾತು ಸರಿ. ನಮ್ಮ ಮಲ್ಪೆಯ ಬೋಟಿನ ಲೆಕ್ಕವೇ ಬೇರೆ. ಅದು ಹತ್ತು ದಿನಗಳ ಆಳಸಮುದ್ರದ ಪ್ರಯಾಣ ಹೊರಟು, ದಿನಕ್ಕೆ 18 ಗಂಟೆ ಎಂಜಿನು ಓಡಿಸಿತೆಂದು ಇಟ್ಟುಕೊಳ್ಳಿರಿ. ಒಂದೇ ಪ್ರಯಾಣಕ್ಕೆ 180 ಗಂಟೆಗಳಾದವು. ಗುಮಾಸ್ತರಾದ ನಮ್ಮ ವಾಚಕರು ಈ ಗುಣಾಕಾರವನ್ನು ತಾವೇ ಮಾಡಿ ನೋಡಬಹುದು. ಪುಸ್ತಕದಲ್ಲಿ 200 ಗಂಟೆಯೆಂದು ಬರೆದಿರುವ ಎಂಜಿನಿಗೆ ಪ್ರತಿ ಪ್ರಯಾಣ ಮುಗಿಸಿ ಧಕ್ಕೆಗೆ ಬಂದಾಗಲೂ ಎಣ್ಣೆ ಬದಲಾಗಬೇಕೆಂದಾಯಿತು. “ಕಳೆದ ತಿಂಗಳು ಮಾಡಿಸಿದ್ದೇವಲ್ಲ” ಎಂಬ ಸಮಾಧಾನ ಇಲ್ಲಿ ನಡೆಯದು. ಆ ತಿಂಗಳಲ್ಲಿ ಎರಡು ಪ್ರಯಾಣ ಆಗಿಹೋಗಿವೆ. ಗಂಟೆಗಳನ್ನು ಎಣಿಸುವ ಮಾಪಕ ಎಂಜಿನಿನ ಬಳಿಯಲ್ಲೇ ಇರುತ್ತದೆ. ಅದು ಕೆಟ್ಟು ನಿಂತಿದ್ದರೆ ಮೊದಲು ಅದನ್ನು ಸರಿಪಡಿಸತಕ್ಕದ್ದು. ಇಲ್ಲವಾದರೆ ಮಿಕ್ಕ ಲೆಕ್ಕವೆಲ್ಲ ಗಾಳಿಯಲ್ಲಿ ಬರೆದಂತೆ.

ಹೀಗಿದ್ದರೂ ಗಂಟೆಯ ಲೆಕ್ಕಕ್ಕೆ ಕಾಯಲಾಗದ ಕೆಲವು ಕೆಲಸಗಳಿವೆ, ಅವು ಪ್ರತಿದಿನದವು. ಎಂಜಿನು ಶುರುಮಾಡುವ ಮೊದಲು ಎಣ್ಣೆಯ ಕಡ್ಡಿಯನ್ನು ಎತ್ತಿ ನೋಡಬೇಕು. ಎಣ್ಣೆ ಹಾಲು ಬೆರೆತ ಚಹದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆಯೆಂದು ಅರ್ಥ. ಅಂಥ ಎಂಜಿನನ್ನು ಕಡಲಿಗೆ ಒಯ್ಯಬಾರದು. ತಂಪುನೀರಿನ ಮಟ್ಟ, ಪಟ್ಟಿಯ ಬಿಗಿ, ಬ್ಯಾಟರಿಯ ತಂತಿಗಳ ತುದಿ, ಎಂಜಿನಿನ ಕೆಳಗೆ ಹೊಸದಾಗಿ ಸೋರಿದ ಎಣ್ಣೆಯ ಗುರುತು, ಬೋಟಿನ ಹೊಟ್ಟೆಯಲ್ಲಿ ನಿಂತ ನೀರಿನ ಎತ್ತರ, ಇವಿಷ್ಟನ್ನು ನೋಡುವುದಕ್ಕೆ ಹತ್ತು ನಿಮಿಷ ಸಾಕು. ಶುರುಮಾಡಿದ ಮೇಲೆ ಹೊರಗೆ ಬಗ್ಗಿ, ತಂಪುಗೊಳಿಸುವ ಸಮುದ್ರದ ನೀರು ಸರಿಯಾಗಿ ಹೊರಚೆಲ್ಲುತ್ತಿದೆಯೇ ಎಂದು ನೋಡಬೇಕು. ಹೊಗೆಯ ಬಣ್ಣವೂ ಮಾತನಾಡುತ್ತದೆ. ಕಪ್ಪುಹೊಗೆ ಬಿಡದೆ ಬಂದರೆ ಡೀಸೆಲ್ ಪೂರ್ತಿಯಾಗಿ ಉರಿಯುತ್ತಿಲ್ಲ, ಗಾಳಿಯ ಫಿಲ್ಟರು ಕಟ್ಟಿರಬಹುದು ಅಥವಾ ಎಂಜಿನಿನ ಮೇಲೆ ಶಕ್ತಿಮೀರಿದ ಭಾರ ಬಿದ್ದಿರಬಹುದು. ನೀಲಿಹೊಗೆ ಬಂದರೆ ಎಂಜಿನಿನ ಎಣ್ಣೆಯೇ ಸುಡುತ್ತಿದೆ. ಬಿಳಿಹೊಗೆ ನಿಲ್ಲದಿದ್ದರೆ ಉರಿಯದ ಡೀಸೆಲೋ ನೀರೋ ಹೊರಬರುತ್ತಿದೆ. ಅನುಭವಸ್ಥ ತಾಂಡೇಲನಿಗೆ ಇದೆಲ್ಲ ಗೊತ್ತಿಲ್ಲದ್ದಲ್ಲ. ಗೊತ್ತಿದ್ದುದನ್ನು ಮಾಡುವುದಕ್ಕೆ ಅವನಿಗೆ ಬಿಡುವೂ ಅಧಿಕಾರವೂ ಇವೆಯೇ ಎಂಬುದೇ ಪ್ರಶ್ನೆ; ಆ ಮಾತನ್ನು ಮುಂದೆ ಎತ್ತಿಕೊಳ್ಳುತ್ತೇವೆ.

ಲಾರಿಯ ಎಂಜಿನಿಗೂ ಬೋಟಿನ ಎಂಜಿನಿಗೂ ಇರುವ ಭೇದವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಲಾರಿ ಗಾಳಿಯಲ್ಲಿ ಓಡುತ್ತದೆ, ಬೋಟು ಉಪ್ಪಿನಲ್ಲಿ. ಎಂಜಿನನ್ನು ತಂಪುಗೊಳಿಸುವುದಕ್ಕೆ ಸಮುದ್ರದ ನೀರನ್ನು ಒಳಕ್ಕೆ ಎಳೆಯುವ ಪಂಪಿನಲ್ಲಿ ರಬ್ಬರಿನ ಸಣ್ಣ ಚಕ್ರವೊಂದಿದೆ. ಅಂಗೈಯಗಲದ ಆ ವಸ್ತುವಿನ ಬೆಲೆ ಎಂಜಿನಿನ ಬೆಲೆಯ ಮುಂದೆ ಏನೂ ಅಲ್ಲ. ಬಲೆಯ ನೂಲೋ ಪ್ಲಾಸ್ಟಿಕ್ ಹಾಳೆಯೋ ನೀರಿನ ಬಾಯಿಗೆ ಸಿಕ್ಕಿ ನೀರು ನಿಂತಿತೆಂದರೆ ಆ ಚಕ್ರ ಒಣಗಿ ತಿರುಗಿ ಕೆಲವೇ ನಿಮಿಷಗಳಲ್ಲಿ ಹರಿದುಹೋಗುತ್ತದೆ. ಎಂಜಿನು ಕಾದು ನಿಲ್ಲುತ್ತದೆ. ಆದುದರಿಂದ ನೀರು ಸೋಸುವ ಜಾಲರಿಯನ್ನು ದಿನವೂ ನೋಡಬೇಕು, ರಬ್ಬರಿನ ಚಕ್ರವನ್ನು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು, ಮತ್ತೊಂದನ್ನು ಬೋಟಿನಲ್ಲೇ ಇಟ್ಟಿರಬೇಕು. ಉಪ್ಪುನೀರು ಲೋಹವನ್ನು ತಿನ್ನುವುದನ್ನು ತಡೆಯಲು ಅಲ್ಲಲ್ಲಿ ಸತುವಿನ ತುಂಡುಗಳನ್ನು ಕೂರಿಸಿರುತ್ತಾರೆ. ಉಪ್ಪು ಮೊದಲು ಅವನ್ನು ತಿನ್ನಲಿ ಎಂಬುದು ಉಪಾಯ. ಅವು ಅರ್ಧ ಸವೆದೊಡನೆ ಬದಲಾಗಬೇಕು. ಪೂರ್ತಿ ಸವೆದ ಮೇಲೆ ಉಪ್ಪಿನ ಮುಂದಿನ ಊಟ ನಮ್ಮ ಎಂಜಿನೇ.

ಡೀಸೆಲಿನಲ್ಲಿ ಸೇರುವ ನೀರು ಇನ್ನೊಂದು ಗುಪ್ತಶತ್ರು. ಅರ್ಧ ತುಂಬಿದ ಟ್ಯಾಂಕಿಯ ಒಳಮೈಯಲ್ಲಿ ತೇವ ಕಟ್ಟಿ ಹನಿಯಾಗಿ ತಳಕ್ಕೆ ಇಳಿಯುತ್ತದೆ; ತಳದಲ್ಲಿ ಕೆಸರಾಗುತ್ತದೆ. ಬಂದರಿನಲ್ಲಿ ನಿಂತಿರುವಾಗ ಅದು ತೊಂದರೆ ಕೊಡುವುದಿಲ್ಲ. ಗಾಳಿ ಎದ್ದು ಬೋಟು ಹೊಯ್ದಾಡಿದಾಗಲೇ ಆ ಕೆಸರು ಕಲಕಿ ಮೇಲೆದ್ದು ಫಿಲ್ಟರಿಗೆ ನುಗ್ಗುವುದು. ಎಂಜಿನಿನ ಬಲ ಅತ್ಯಂತ ಬೇಕಾದ ಗಳಿಗೆಯಲ್ಲಿಯೇ ಅದು ಉಸಿರುಕಟ್ಟಿ ನಿಲ್ಲುವುದಕ್ಕೆ ಇದೇ ಕಾರಣ. ಜನರು ಇದನ್ನು ದುರ್ದೈವವೆನ್ನುತ್ತಾರೆ. ಫಿಲ್ಟರಿನ ಕೆಳಗಿನ ತಿರುಪನ್ನು ದಿನವೂ ಸಡಿಲಿಸಿ ಒಂದು ಲೋಟದಷ್ಟು ಹೊರಗೆ ಬಿಟ್ಟು ನೋಡಿದರೆ ಆ ದುರ್ದೈವದ ಬಹುಭಾಗ ಲೋಟದಲ್ಲಿಯೇ ಕಾಣಿಸುವುದು.

ವರ್ಷದ ದೊಡ್ಡ ತಪಾಸಣೆಗೆ ನಮ್ಮ ಕರಾವಳಿಯಲ್ಲಿ ಕಾಲವನ್ನು ಹುಡುಕಬೇಕಾಗಿಲ್ಲ. ಸರಕಾರವೇ ಅದನ್ನು ಒದಗಿಸಿದೆ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಬಲೆ ಹೆಣೆಯುವುದು, ಬೋಟಿಗೆ ಬಣ್ಣ ಬಳಿಯುವುದು, ಹೆಸರನ್ನು ಹೊಸದಾಗಿ ಬರೆಸುವುದು ಇವೆಲ್ಲ ಆಗ ತಪ್ಪದೆ ನಡೆಯುತ್ತವೆ. ಬಣ್ಣಕ್ಕೆ ಸಿಗುವ ಗಮನದ ಅರ್ಧದಷ್ಟಾದರೂ ಎಂಜಿನಿಗೆ ಸಿಗಬೇಕೆಂದು ನಾವು ಕೇಳಿಕೊಂಡರೆ ಯಾರೂ ಸಿಟ್ಟಾಗಲಾರರೆಂದು ನಂಬುತ್ತೇವೆ. ಎಂಜಿನನ್ನು ತಿರುಗಣೆಗೆ ಜೋಡಿಸುವ ದಂಡ ಬೋಟಿನ ಮೈಯಿಂದ ಹೊರಬರುವ ಜಾಗ, ತಿರುಗಣೆಯ ಅಲಗುಗಳು, ಎಂಜಿನನ್ನು ಮರಕ್ಕೆ ಬಿಗಿದ ಬೋಲ್ಟುಗಳು, ರಬ್ಬರಿನ ಕೊಳವೆಗಳು, ಡೀಸೆಲ್ ಚಿಮುಕಿಸುವ ನಳಿಗೆಗಳು, ಇವನ್ನು ಬೋಟು ನೀರಿನಿಂದ ಮೇಲೆತ್ತಿದಾಗ ಸರಿಯಾಗಿ ನೋಡಬೇಕು.

ಇಲ್ಲಿ ಒಂದು ತಪ್ಪುಕಲ್ಪನೆಯನ್ನು ನಿವಾರಿಸುವುದು ಅವಶ್ಯ. ಎರಡು ತಿಂಗಳು ವಿಶ್ರಾಂತಿ ಪಡೆದ ಎಂಜಿನು ಹೊಸ ಹುರುಪಿನಿಂದ ಓಡುವುದೆಂದು ಹಲವರು ತಿಳಿದಿರುವರು. ಎತ್ತಿಗೂ ಆಳಿಗೂ ಅದು ನಿಜ, ಯಂತ್ರಕ್ಕೆ ಅಲ್ಲ. ಮಳೆಗಾಲದ ತೇವದಲ್ಲಿ ನಿಂತ ಎಂಜಿನಿನ ಬ್ಯಾಟರಿ ಇಳಿದಿರುತ್ತದೆ, ರಬ್ಬರು ಅಂಟಿಕೊಂಡಿರುತ್ತದೆ, ಟ್ಯಾಂಕಿಯಲ್ಲಿ ನೀರು ಸೇರಿರುತ್ತದೆ, ಹಳೆಯ ಎಣ್ಣೆಯಲ್ಲಿದ್ದ ಆಮ್ಲ ಲೋಹವನ್ನು ಕೆರೆಯುತ್ತಿರುತ್ತದೆ. ಆದುದರಿಂದ ಎಣ್ಣೆಯನ್ನು ಬೋಟು ಮೇಲೆತ್ತುವಾಗಲೇ ಬದಲಿಸಬೇಕು, ಇಳಿಸುವಾಗ ಅಲ್ಲ. ಆಗಸ್ಟಿನ ಕಡಲು ಇನ್ನೂ ಶಾಂತವಾಗಿರುವುದಿಲ್ಲ. ಹೊಸ ಋತುವಿನ ಮೊದಲ ಮೀನಿನ ಆಸೆಗೆ ನಿಂತ ಎಂಜಿನನ್ನು ನೇರವಾಗಿ ಅಳಿವೆಯಾಚೆಗೆ ಒಯ್ಯದೆ, ಬಂದರಿನೊಳಗೆ ಕೆಲವು ಗಂಟೆ ಓಡಿಸಿ, ತಂಪಾದ ಮೇಲೆ ಮತ್ತೊಮ್ಮೆ ಎಣ್ಣೆಯನ್ನೂ ಸೋರಿಕೆಯನ್ನೂ ನೋಡಿ, ಅನಂತರವೇ ಹೊರಡುವುದು ವಿವೇಕ. ಸಮುದ್ರಪೂಜೆಯ ದಿನ ಹಾಲು ಹೊಯ್ದು ತೆಂಗಿನಕಾಯಿ ಅರ್ಪಿಸುವ ನಮ್ಮ ಜನರ ಭಕ್ತಿಯನ್ನು ನಾವು ಗೌರವಿಸುತ್ತೇವೆ. ಪೂಜೆಯಾದ ಬೋಟಿಗೂ ಎಣ್ಣೆಯ ಕಡ್ಡಿ ಬೇಕು.

ನಾಡದೋಣಿಗೆ ಹೊರಗಿನಿಂದ ಸಿಕ್ಕಿಸುವ ಸಣ್ಣ ಎಂಜಿನಿನವರು ತಮಗೆ ಇದಾವುದೂ ಅನ್ವಯಿಸದೆಂದು ತಿಳಿಯಬಾರದು. ಹೊಸ ಎಂಜಿನಿಗೆ ಮೊದಲ 20 ಗಂಟೆಗಳ ಆಸುಪಾಸಿನಲ್ಲಿ ಒಮ್ಮೆ, ಬಳಿಕ ಸುಮಾರು 100 ಗಂಟೆಗಳಿಗೊಮ್ಮೆ ತಪಾಸಣೆಯೆಂಬುದು ಸಾಮಾನ್ಯ ನಿಯಮ. ಸೀಮೆಎಣ್ಣೆಯಲ್ಲಿ ಓಡುವ ಎಂಜಿನಿನ ಕಿಡಿಕಡ್ಡಿಗೆ ಮಸಿ ಬೇಗ ಕಟ್ಟುವುದರಿಂದ ಅದನ್ನು ಇನ್ನೂ ಬೇಗ ಬೇಗ ಒರೆಸಿಕೊಳ್ಳಬೇಕು. ದಡಕ್ಕೆ ಬಂದ ಪ್ರತಿದಿನವೂ ಸಿಹಿನೀರನ್ನು ಅದರೊಳಗೆ ಹರಿಸಿ ಉಪ್ಪನ್ನು ತೊಳೆದುಬಿಡುವುದಕ್ಕೆ ಎರಡು ಕೊಡ ನೀರಿಗಿಂತ ಹೆಚ್ಚಿನ ಖರ್ಚಿಲ್ಲ.

ಕಡಲಿನ ಅವಘಡಗಳೆಲ್ಲ ಎಂಜಿನಿನ ದೋಷದಿಂದಲೇ ಆಗುವುವೆಂದು ನಾವು ವಾದಿಸುವುದಿಲ್ಲ. 2018ರ ಡಿಸೆಂಬರ್ 13ರಂದು ಏಳು ಮಂದಿ ಮೀನುಗಾರರೊಡನೆ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಕಣ್ಮರೆಯಾಗಿ, 2019ರ ಮೇ ತಿಂಗಳಲ್ಲಿ ನೌಕಾಪಡೆಯ ಹಡಗೊಂದು ಮಹಾರಾಷ್ಟ್ರದ ಮಾಲ್ವಣದ ಆಚೆಯ ಸಮುದ್ರತಳದಲ್ಲಿ ಅದರ ಅವಶೇಷವನ್ನು ಪತ್ತೆಹಚ್ಚುವ ತನಕ, ಆ ಏಳು ಮನೆಗಳು ಹೇಗೆ ಕಾದವೆಂಬುದನ್ನು ಕರಾವಳಿ ಮರೆತಿಲ್ಲ. ಅದನ್ನು ಎಂಜಿನಿನ ಲೆಕ್ಕಕ್ಕೆ ಹಾಕುವ ಆಧಾರ ನಮ್ಮಲ್ಲಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿದಾಗ ಕೇಳಿಬಂದುದು ಮಿತಿಮೀರಿದ ಜನಭಾರದ ಮಾತು. ನಮ್ಮ ಪುಣೆ ಜಿಲ್ಲೆಯ ಅಂಚಿನಲ್ಲೇ, ಇದೇ ಮುಳಾ-ಮುಠಾದ ನೀರು ಭೀಮೆಗೆ ಸೇರಿ ನಿಲ್ಲುವ ಉಜನಿ ಜಲಾಶಯದಲ್ಲಿ, 2024ರ ಮೇ 21ರಂದು ಬಿರುಗಾಳಿಗೆ ದೋಣಿ ಮಗುಚಿ ಆರು ಮಂದಿ ಅಸುನೀಗಿದರು. ಇವೆಲ್ಲ ಬೇರೆ ಬೇರೆ ಕಾರಣಗಳು. ಆದರೆ 2024ರ ಡಿಸೆಂಬರ್ 18ರಂದು ಮುಂಬಯಿ ಬಂದರಿನಲ್ಲಿ ನಡೆದುದು ಎಂಜಿನಿನದೇ ವಿಷಯ. ಎಂಜಿನಿನ ಪರೀಕ್ಷೆಗೆಂದು ವೇಗವಾಗಿ ಓಡಿಸುತ್ತಿದ್ದ ನೌಕಾಪಡೆಯ ಸಣ್ಣ ನೌಕೆ ಹತೋಟಿ ತಪ್ಪಿ, ಎಲಿಫಂಟಾ ದ್ವೀಪದತ್ತ ಯಾತ್ರಿಕರನ್ನು ಒಯ್ಯುತ್ತಿದ್ದ ‘ನೀಲಕಮಲ’ ಬೋಟಿಗೆ ಅಪ್ಪಳಿಸಿತು. ಹದಿಮೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಊರಿನಿಂದ ಬಂದ ನೆಂಟರನ್ನು ಗೇಟ್‌ವೇ ಆಫ್ ಇಂಡಿಯಾ ತೋರಿಸಲು ಕರೆದೊಯ್ದು, ಅಲ್ಲಿಂದ ಅಂಥ ಬೋಟನ್ನೇ ಹತ್ತಿದವರು ನಮ್ಮ ವಾಚಕರಲ್ಲಿ ಅನೇಕರು. ಎಂಜಿನಿನ ತಪಾಸಣೆ ಎಷ್ಟು ಮುಖ್ಯವೋ ಅದನ್ನು ಎಲ್ಲಿ, ಹೇಗೆ ಮಾಡಬೇಕೆಂಬುದೂ ಅಷ್ಟೇ ಮುಖ್ಯವೆಂಬುದನ್ನು ಆ ಘಟನೆ ಘೋರವಾದ ರೀತಿಯಲ್ಲಿ ತೋರಿಸಿತು.

ಇನ್ನು ಹಣದ ಮಾತು. ನಮ್ಮ ಅಭಿಪ್ರಾಯದಲ್ಲಿ ಈ ವಿಷಯದ ತಿರುಳಿರುವುದು ಇಲ್ಲಿಯೇ. ಪ್ರಯಾಣದ ಡೀಸೆಲ್, ಮಂಜುಗಡ್ಡೆ, ಊಟದ ಸಾಮಾನು ಇವುಗಳ ಖರ್ಚನ್ನು ಕಳೆದು ಉಳಿದುದನ್ನು ಮಾಲೀಕನಿಗೂ ತಾಂಡೇಲನಿಗೂ ಕಲಾಸಿಗಳಿಗೂ ಪಾಲು ಹಾಕುವುದು ಸಾಮಾನ್ಯ ಪದ್ಧತಿ. ಎಂಜಿನಿನ ದೊಡ್ಡ ರಿಪೇರಿ ಮಾತ್ರ ಮಾಲೀಕನ ಕೈಯಿಂದಲೇ ಹೋಗಬೇಕು. ಹೀಗಿರುವಾಗ ತಪಾಸಣೆಯನ್ನು ಮುಂದೂಡಿದರೆ ಉಳಿಯುವ ಹಣ ಮಾಲೀಕನದು, ಎಂಜಿನು ನಿಂತರೆ ಎದುರಾಗುವ ಅಪಾಯ ಕಲಾಸಿಯದು. ಲಾಭವೊಬ್ಬರಿಗೆ, ಅಪಾಯ ಮತ್ತೊಬ್ಬರಿಗೆ ಎಂಬ ವ್ಯವಸ್ಥೆಯಲ್ಲಿ ಎಚ್ಚರಿಕೆ ಸಡಿಲವಾಗುವುದು ಸಹಜ. ಮಾಲೀಕನೇ ಬೋಟಿನಲ್ಲಿ ಹೋಗುತ್ತಿದ್ದರೆ ಈ ಅಂತರ ಕಡಿಮೆ. ಮಾಲೀಕನು ಮಗರಪಟ್ಟಾದಲ್ಲಿದ್ದು ಬೋಟು ಗಂಗೊಳ್ಳಿಯಲ್ಲಿದ್ದರೆ ಅದು ಮತ್ತಷ್ಟು ಹಿಗ್ಗುತ್ತದೆ. ಇದನ್ನು ಬರೆಯುವಾಗ ನಮ್ಮ ವಾಚಕರ ಮನ ನೋಯಿಸುವ ಉದ್ದೇಶ ನಮಗಿಲ್ಲ. ಹೊಟೇಲಿನ ಯಜಮಾನರು ಗ್ಯಾಸಿನ ಹಳೆಯ ಕೊಳವೆಯನ್ನು ಬದಲಿಸದೆ ಮುಂದಿನ ತಿಂಗಳೆಂದು ತಳ್ಳಿದಾಗ ಒಲೆಯ ಮುಂದೆ ನಿಂತವನ ಮನಸ್ಸಿನಲ್ಲಿ ಏನೇನು ಹಾದುಹೋಗುವುದೆಂಬುದು ಅವರಿಗೇ ಹೆಚ್ಚು ಗೊತ್ತು. ಕಡಲಿನಲ್ಲಿರುವ ಕಲಾಸಿಯ ಪಾಲಿಗೆ ಅವರೇ ಆ ಯಜಮಾನರು.

ಪರಿಹಾರ ಕಷ್ಟಸಾಧ್ಯವಾದುದಲ್ಲ. ಪ್ರತಿ ಪ್ರಯಾಣದ ಲೆಕ್ಕ ಮಾಡುವಾಗ, ಪಾಲು ಹಾಕುವ ಮೊದಲೇ, ಎಂಜಿನಿನ ಹೆಸರಿನಲ್ಲಿ ಒಂದು ಮೊತ್ತವನ್ನು ತೆಗೆದು ಬೇರೆಯಿಡಲಿ. ಆಗ ಎಣ್ಣೆ, ಫಿಲ್ಟರುಗಳ ಖರ್ಚಿಗಾಗಿ ಯಾರೂ ಯಾರ ಮುಖವನ್ನೂ ನೋಡಬೇಕಾಗುವುದಿಲ್ಲ. ಎಂಜಿನಿಗೆ ಒಂದು ನೋಟುಪುಸ್ತಕವಿರಲಿ: ಎಡಗಡೆ ತಾರೀಖು ಮತ್ತು ಗಂಟೆಮಾಪಕದ ಅಂಕಿ, ಬಲಗಡೆ ಮಾಡಿದ ಕೆಲಸ ಮತ್ತು ಹಾಕಿದ ಸಾಮಾನು, ಕೆಳಗೆ ತಾಂಡೇಲನ ರುಜು. ಈ ಪುಸ್ತಕದ ಮಾದರಿಯನ್ನು ಗೆರೆ ಎಳೆದು ಸಿದ್ಧಮಾಡಿ ಕಳುಹಿಸುವುದು ಇಲ್ಲಿನ ನಮ್ಮ ಗುಮಾಸ್ತ ಮಿತ್ರರಿಗೆ ಅರ್ಧ ಗಂಟೆಯ ಕೆಲಸ. ಹಿಂದಿನ ಕಾಲದಲ್ಲಿ ದೂರದ ಮಾಲೀಕನು ಕಾಗದಕ್ಕಾಗಿ ಕಾಯಬೇಕಾಗಿತ್ತು. ಈಗ ತಾಂಡೇಲನು ಧಕ್ಕೆಗೆ ಬಂದೊಡನೆ ಮಾಪಕದ ಅಂಕಿಯನ್ನೂ ಆ ದಿನದ ಪುಟವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಎಂಜಿನು ಸರಿಯಿಲ್ಲವೆಂದು ತಾಂಡೇಲನಿಗೆ ತೋರಿದರೆ ಹೊರಡದಿರುವ ಅಧಿಕಾರವನ್ನು ಅವನಿಗೆ ಮಾಲೀಕನೇ ಬಾಯಿಬಿಟ್ಟು ಕೊಡಬೇಕು. ಕೊಟ್ಟ ಮೇಲೆ, ಆ ದಿನ ನೆರೆಯ ಬೋಟಿಗೆ ಬಂಗುಡೆ ರಾಶಿ ಬಿತ್ತೆಂಬ ಸುದ್ದಿ ಬಂದರೂ ಅವನನ್ನು ಆಡಿಕೊಳ್ಳಬಾರದು.

ಸರಕಾರದ ಪಾಲಿನ ಕೆಲಸವೂ ಇದೆ. 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆಯ ಮೇರೆಗೆ ಬೋಟುಗಳಿಗೆ ಪರವಾನಿಗೆ ಬೇಕು; ಒಳನಾಡಿನ ನೀರಿನಲ್ಲಿ ಯಂತ್ರದಿಂದ ಓಡುವ ನೌಕೆಗಳ ನೋಂದಣಿ ಮತ್ತು ಸರ್ವೆಗಾಗಿ 1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ 2021ರ ಕಾಯಿದೆ ಬಂದಿದೆ. 2024ರ ಆಗಸ್ಟ್ 30ರಂದು ಪಾಲ್ಘರದಲ್ಲಿ ಪ್ರಾರಂಭಿಸಿದ ಯೋಜನೆಯಂತೆ ಒಂದು ಲಕ್ಷ ಮೀನುಗಾರಿಕೆ ಬೋಟುಗಳಿಗೆ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಯಂತ್ರಗಳನ್ನು ಕೊಡುವ ಕೆಲಸ ನಡೆದಿದೆ. ಆಪತ್ತಿನಲ್ಲಿ ಕರಾವಳಿ ರಕ್ಷಣಾಪಡೆಯನ್ನು ಕರೆಯಲು 1554 ಎಂಬ ಸಂಖ್ಯೆಯಿದೆ. ಅದನ್ನು ಚಕ್ರದ ಕೋಣೆಯಲ್ಲಿ ದೊಡ್ಡಕ್ಷರದಲ್ಲಿ ಬರೆಸತಕ್ಕದ್ದು. ಆದರೆ ನಿಷೇಧದ ಆ 61 ದಿನಗಳಲ್ಲಿ ಬಂದರು ಬಂದರಿಗೆ ಎಂಜಿನು ಪರೀಕ್ಷಕರನ್ನು ಕಳುಹಿಸಿ, ಕಡಿಮೆ ದರದಲ್ಲಿ ನೋಡಿಕೊಡುವ ಏರ್ಪಾಡನ್ನು ಮೀನುಗಾರಿಕೆ ಇಲಾಖೆಯೂ ಮೀನುಗಾರರ ಸಹಕಾರಿ ಸಂಘಗಳೂ ಸೇರಿ ಎಲ್ಲೆಡೆ ಮಾಡಬೇಕೆಂಬುದು ನಮ್ಮ ಸೂಚನೆ. ಜೂನಿನಲ್ಲಿ ಎಲ್ಲ ಬೋಟುಗಳೂ ಒಮ್ಮೆಲೇ ದಡ ಸೇರಿದಾಗ ಒಳ್ಳೆಯ ಮಿಸ್ತ್ರಿ ಸಿಗುವುದು ಎಷ್ಟು ಕಷ್ಟವೆಂಬುದನ್ನು ಊರಿನವರನ್ನು ಕೇಳಿದರೆ ತಿಳಿಯುವುದು. ಅವಸರದ ದಿನಗಳಲ್ಲಿ ನಕಲಿ ಫಿಲ್ಟರುಗಳು ಮಾರಾಟವಾಗುವುದೂ ಆಗಲೇ.

ನಮ್ಮನ್ನು ಪ್ರಶ್ನಿಸಿದ ವಾಚಕರಿಗೆ ಕೊಡಬಹುದಾದ ಉತ್ತರವಿಷ್ಟು: ದಿನವೂ ಹತ್ತು ನಿಮಿಷ, ಪ್ರತಿ ಪ್ರಯಾಣದ ಕೊನೆಗೆ ಗಂಟೆಯ ಲೆಕ್ಕದ ಮೇಲೆ ಎಣ್ಣೆ ಮತ್ತು ಫಿಲ್ಟರು, ಮಳೆಗಾಲದಲ್ಲಿ ಪೂರ್ತಿ ತಪಾಸಣೆ. ಅವರು ಇಂದು ರಾತ್ರಿ ಹೊಟೇಲಿನ ಬಾಗಿಲು ಹಾಕಿದ ಮೇಲೆ ಊರಿಗೆ ಫೋನು ಮಾಡುವುದಾದರೆ ‘ಬೋಟು ಓಡುತ್ತಿದೆಯೇ’ ಎಂದು ಕೇಳದೆ, ಮಾಪಕದಲ್ಲಿ ಈಗ ಎಷ್ಟು ಗಂಟೆಯಾಗಿದೆ, ಹಿಂದಿನ ಸಲ ಎಣ್ಣೆ ಬದಲಿಸಿದಾಗ ಎಷ್ಟಿತ್ತು ಎಂಬೆರಡು ಅಂಕಿಗಳನ್ನು ಕೇಳಿ ಬರೆದುಕೊಳ್ಳಲಿ.